ಜಗಲಿಯ ಗ್ರಂಥ ಮಕ್ಕಳ ಕೈಗೆ ಬರಲಿ

ಪ್ರತಿವರ್ಷ ಮುಂಗಾರಿನ ದಿನಗಳಲ್ಲಿ ವಿಜಯಪುರ, ಬಾಗಲಕೋಟೆ, ಧಾರವಾಡ, ದಾವಣಗೆರೆಗಳ ಅನೇಕ ಭಕ್ತ ಕುಟುಂಬಗಳ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ಕರಾವಳಿಗೆ ಬರುತ್ತಾರೆ. ಕೆಲವರು ಮಣಿಪಾಲ, ಉಡುಪಿಗಳಲ್ಲಿ, ಕೆಲವರು ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಓದುತ್ತಾರೆ. ಕಾಪುವಿನಂತಹ ಊರುಗಳಲ್ಲಿ ಕೋಣೆ ಹಿಡಿದು ಇರುವವರೂ ಉಂಟು. ಹೊರಡುವಾಗ ತಾಯಂದಿರು ರೊಟ್ಟಿ, ಶೇಂಗಾ ಚಟ್ನಿ, ವಿಭೂತಿಗಟ್ಟಿಗಳನ್ನು ಕಟ್ಟಿಕೊಡುತ್ತಾರೆ. ಆ ಗಂಟಿನೊಂದಿಗೆ ಒಂದು ಒಳ್ಳೆಯ ಗ್ರಂಥವನ್ನೂ ಇಟ್ಟು ಕಳುಹಿಸಬೇಕೆಂಬುದು ಈ ಲೇಖನದ ಬಿನ್ನಹ. ಗ್ರಂಥವೊಂದು ತರುಣನ ಬಾಳನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಇದೇ ನೆಲದಲ್ಲಿ ನಿದರ್ಶನವಿದೆ.

ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಲಕ್ಷ್ಮೀನಾರಣಪ್ಪನವರು ಜನಿಸಿದರು. ಮನೆಯ ಬಡತನದಿಂದಾಗಿ ಅವರ ಶಾಲಾ ವಿದ್ಯಾಭ್ಯಾಸ ಅರ್ಧಕ್ಕೇ ನಿಂತಿತು. ಜೀವನೋಪಾಯಕ್ಕಾಗಿ ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾದರು. ಅಲ್ಲಿ ಮಳಲಿ ಸುಬ್ಬರಾಯರ ಒಡನಾಟ ದೊರೆಯಿತು. ಆ ಒಡನಾಟದಲ್ಲಿ ಹಳಗನ್ನಡ ಕಾವ್ಯಗಳ ಅಭ್ಯಾಸವೂ ಬೆಳೆಯಿತು. ಮಕ್ಕಳಿಗೆ ಕವಾಯತು ಕಲಿಸುತ್ತಿದ್ದ ಆ ತರುಣರೇ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ರಚಿಸಿದ ಮುದ್ದಣ ಕವಿ. ತಮ್ಮ ಹೆಸರನ್ನು ಮರೆಸಿ, ಪ್ರಾಚೀನ ಕೃತಿಗಳೆಂಬಂತೆ ಅವನ್ನು ಮೈಸೂರಿನ ಪತ್ರಿಕೆಗೆ ಕಳುಹಿಸಿದರು. 1901ರಲ್ಲಿ ಕ್ಷಯರೋಗದಿಂದ ಅವರು ಮೂವತ್ತೊಂದರ ಹರೆಯದಲ್ಲಿಯೇ ಕಾಲವಶರಾದರು. ಆದರೆ ಓದಿನಿಂದ ಹುಟ್ಟಿದ ಆ ಬರವಣಿಗೆ ಇಂದಿಗೂ ಬಾಳುತ್ತಿದೆ.

ಮಹಾತ್ಮ ಗಾಂಧೀಜಿಯವರ ಬಾಳಿನಲ್ಲಿಯೂ ಇಂತಹ ಘಟನೆಯುಂಟು. 1904ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ, ರೈಲಿನಲ್ಲಿ ಓದಲೆಂದು ಮಿತ್ರ ಪೋಲಕ್ ಅವರು ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಕೊಟ್ಟರು. ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಒಂದೇ ಬೆಲೆಯೆಂಬ ಅರಿವು ಅದರಿಂದ ಅವರಿಗೆ ದೃಢವಾಯಿತು. ಅದೇ ವರ್ಷ ಫೀನಿಕ್ಸ್ ಆಶ್ರಮ ಆರಂಭವಾಯಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಾಳಿ ತೋರಿಸಿದ ಶರಣರ ಪರಂಪರೆಯವರಾದ ನಮಗೆ ಈ ತತ್ತ್ವ ಹೊಸದಲ್ಲ. ಓದಿದ್ದನ್ನು ವರ್ಷ ತುಂಬುವ ಮೊದಲೇ ಆಚರಣೆಗೆ ತಂದ ರೀತಿ ಮಾತ್ರ ನಮ್ಮ ತರುಣರಿಗೆ ಮಾದರಿಯಾಗಬೇಕು.

ಇನ್ನು ನಮ್ಮವರೇ ಆದ ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರನ್ನು ಸ್ಮರಿಸೋಣ. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ, ಕಾನೂನು ಓದಿ, ವಿಜಯಪುರದಲ್ಲಿ ವಕೀಲರಾಗಿದ್ದ ಅವರ ಮುಂದೆ ಸುಖಜೀವನದ ದಾರಿ ತೆರೆದಿತ್ತು. ಆದರೆ ಇಪ್ಪತ್ತರ ಹರೆಯದಲ್ಲಿ ಕಂಡ ವಚನಗಳ ತಾಡೋಲೆ ಕಟ್ಟುಗಳು ಅವರನ್ನು ಬಿಡಲಿಲ್ಲ. ಅಂದು ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ಜಗಲಿಯ ಮೇಲೆ ವಿಭೂತಿ, ಪತ್ರಿ, ಪುಷ್ಪಗಳಿಂದ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಸಂಗ್ರಹಿಸಿ, ನಕಲು ಮಾಡಿ, ಪರಿಷ್ಕರಿಸಿದರು. ಮುದ್ರಣಕ್ಕೆಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿ ಹಿಂದಿರುಗಿ ಬಂದರೂ ಅವರು ಎದೆಗುಂದಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡಿತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಇಂದು ನಾವು ವಚನಗಳನ್ನು ಸುಲಭವಾಗಿ ಓದುತ್ತಿರುವುದು ಆ ಮಹನೀಯರ ಋಣದಿಂದ.

ಈ ಮೂರೂ ನಿದರ್ಶನಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗ್ರಂಥವು ತಾನಾಗಿಯೇ ಯಾರ ಬಾಳನ್ನೂ ತಿದ್ದುವುದಿಲ್ಲ. ಅದನ್ನು ತಕ್ಕ ಕಾಲದಲ್ಲಿ ತರುಣರ ಕೈಗೆ ಕೊಡುವ ಹಿರಿಯರೋ ಮಿತ್ರರೋ ಬೇಕು. ಓದಿದ ತರುಣರು ಅದನ್ನು ತಮ್ಮ ಕಾಯಕವಾಗಿಸಿಕೊಳ್ಳಬೇಕು. ಜಗಲಿಯಿಂದ ಇಳಿಯದ ಗ್ರಂಥಕ್ಕೆ ಪೂಜೆ ಸಲ್ಲಬಹುದು, ಅದರ ಅರಿವು ಮಾತ್ರ ಯಾರಿಗೂ ದಕ್ಕದು.

ಇಲ್ಲಿ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. ಸಮಾರಂಭಗಳಲ್ಲಿ ಶಾಲು, ಹಾರ, ಫಲಗಳೊಂದಿಗೆ ಗ್ರಂಥಗಳನ್ನು ಅರ್ಪಿಸುತ್ತೇವೆ. ಅವುಗಳಲ್ಲಿ ಎಷ್ಟೋ ಗ್ರಂಥಗಳು ಹೊದಿಕೆ ಬಿಚ್ಚದೆಯೇ ಗಾಜಿನ ಕಪಾಟು ಸೇರುತ್ತವೆ. ಅಂದಿನ ತಾಡೋಲೆಯ ಕಟ್ಟಿಗೂ ಇಂದಿನ ಈ ಕಪಾಟಿಗೂ ಏನು ಅಂತರ? ನಾವೇ ಓದದೆ ‘ಮಕ್ಕಳು ಮೊಬೈಲು ಬಿಡುವುದಿಲ್ಲ’ ಎಂದು ದೂರುವುದು ನ್ಯಾಯವಲ್ಲ.

ಆದುದರಿಂದ ಸದ್ಭಕ್ತರಲ್ಲಿ ಮೂರು ವಿನಂತಿಗಳು. ಮಕ್ಕಳಿಗೆ ಕೊಡುವ ಗ್ರಂಥವನ್ನು ಮೊದಲು ತಾವು ಓದಿರಿ. ಮೊದಲ ಪುಟದಲ್ಲಿ, ಅದು ತಮಗೆ ಏಕೆ ಪ್ರಿಯವಾಯಿತೆಂದು ಎರಡು ಸಾಲು ಬರೆಯಿರಿ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡುವಾಗ ಅಂಕಗಳ ಜೊತೆಗೆ ಓದಿನ ವಿಚಾರವನ್ನೂ ಕೇಳಿರಿ. ಅವರು ಪ್ರಶ್ನಿಸಿದರೆ, ಒಪ್ಪದಿದ್ದರೆ, ಕೋಪಿಸಿಕೊಳ್ಳದೆ ಆಲಿಸಿರಿ. ಅನುಭವ ಮಂಟಪ ನಮಗೆ ಕಲಿಸಿದ್ದು ಪ್ರಶ್ನೆಯನ್ನು ಗೌರವಿಸುವುದನ್ನೇ ಅಲ್ಲವೆ?

ಪರವೂರಿನ ಕೋಣೆಯಲ್ಲಿ, ಹೊರಗೆ ಜಡಿಮಳೆ ಸುರಿಯುತ್ತಿರುವ ರಾತ್ರಿ, ಮನೆಯ ನೆನಪು ಕಾಡುವಾಗ ನಮ್ಮ ಮಗಳೋ ಮಗನೋ ಆ ಗ್ರಂಥವನ್ನು ತೆರೆದಾರು. ಆಗ ಅವರಿಗೆ ಹಿರಿಯರ ಕೈಬರಹವೂ ಶರಣರ ಅರಿವೂ ಜೊತೆಯಾಗಲಿ.