ಮಿರಜಿನ ತಂಬೂರಿ ಅಂಗಡಿಗಳು

ಬೆಳಗಾವಿಯಿಂದ ಉತ್ತರಾಭಿಮುಖವಾಗಿ ಹೊರಟ ರೈಲುಗಾಡಿಯು ಗೋಕಾಕ ರೋಡು, ರಾಯಬಾಗ, ಕುಡಚಿಗಳನ್ನು ಹಿಂದಿಟ್ಟು, ಕೃಷ್ಣಾನದಿಯ ಸೇತುವೆಯನ್ನು ದಾಟಿ, ಶೇಡಬಾಳವನ್ನು ಕಳೆದು, ಕರ್ನಾಟಕದ ಎಲ್ಲೆಯನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ತಲಪುವ ದೊಡ್ಡ ನಿಲ್ದಾಣ ಮಿರಜು. ಪ್ರಾಂತರಚನೆಯ ಗೆರೆಯಿಂದ ಈ ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದರೂ, ಸಂಗೀತದ ಭೂಪಟವೊಂದನ್ನು ಯಾರಾದರೂ ಬರೆಯುವುದಾದರೆ ಇದನ್ನು ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಿಂದ ಬೇರ್ಪಡಿಸಿ ತೋರಿಸುವುದು ಅಸಾಧ್ಯ. ಏಕೆಂದರೆ ಕಳೆದ ಶತಮಾನದಲ್ಲಿ ಉತ್ತರ ಕರ್ನಾಟಕದ ಹಿಂದೂಸ್ತಾನಿ ಗಾಯಕರ ಬೆನ್ನ ಹಿಂದೆ ಮಿಡಿಯುತ್ತಿದ್ದ ತಂಬೂರಿಗಳಲ್ಲಿ ಅನೇಕವು ಜನ್ಮತಾಳಿದ್ದು ಇಲ್ಲಿಯ ಸತಾರಮೇಕರ್ ಗಲ್ಲಿಯ ಕಿರಿದಾದ ಅಂಗಡಿಗಳಲ್ಲಿ. ಸಭೆಯಲ್ಲಿ ಕುಳಿತ ಶ್ರೋತೃವು ಗಾಯಕನನ್ನು ನೋಡುತ್ತಾನೆ, ತಬಲಾದವನನ್ನು ನೋಡುತ್ತಾನೆ; ಆದರೆ ಆ ಇರುಳಿನ ಆನಂದಕ್ಕೆ ಅಡಿಪಾಯವನ್ನು ಹಾಕಿಕೊಟ್ಟ ಅಂಗಡಿಯನ್ನು ಅವನು ನೆನೆಯುವುದು ಅಪೂರ್ವ. ಆ ಅಂಗಡಿಗಳ ಪರಿಚಯವನ್ನು ಮಾಡಿಕೊಡುವುದೂ, ಅಲ್ಲಿ ಕಿವಿಗೆ ದೊರೆಯುವ ಸಂಸ್ಕಾರಕ್ಕೂ ಸಭೆಯಲ್ಲಿ ದೊರೆಯುವ ಸುಖಕ್ಕೂ ಇರತಕ್ಕ ಸಂಬಂಧವನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ಈ ಕಸುಬಿನ ಮನೆತನಗಳವರು ಮೂಲತಃ ಶಿಕಲಗಾರರು, ಅಂದರೆ ಖಡ್ಗ, ಭರ್ಚಿ ಮೊದಲಾದ ಆಯುಧಗಳಿಗೆ ಸಾಣೆ ಹಿಡಿದು ಮೆರುಗು ಕೊಡುತ್ತಿದ್ದವರು. ಇಂಗ್ಲಿಷರ ಆಳ್ವಿಕೆ ನೆಲೆಗೊಂಡು ಸಂಸ್ಥಾನಗಳ ಸೇನೆಗಳು ಕ್ಷೀಣವಾಗುತ್ತ ಬಂದಂತೆ ಆಯುಧಗಳ ಬೇಡಿಕೆಯೂ ಕ್ಷೀಣಿಸಿತು. ಆಗ, 19ನೆಯ ಶತಮಾನದ ಮಧ್ಯಭಾಗದ ಸುಮಾರಿಗೆ, ಫರೀದಸಾಹೇಬರೆಂಬ ಕುಶಲಿಗಳು ತಂತಿವಾದ್ಯಗಳ ರಚನೆಗೆ ಕೈಹಾಕಿದರೆಂದೂ, ಅವರ ವಂಶದವರು ಕಾಲಕ್ರಮದಲ್ಲಿ ಸತಾರಮೇಕರ್ ಎಂಬ ಹೆಸರನ್ನೇ ತಳೆದರೆಂದೂ ಆ ಮನೆತನಗಳ ಹಿರಿಯರು ಹೇಳುತ್ತಾರೆ. ಮಿರಜನ್ನು ಆಳುತ್ತಿದ್ದ ಪಟವರ್ಧನರ ಆಸ್ಥಾನದಲ್ಲಿ ಸಂಗೀತಕ್ಕೆ ಮನ್ನಣೆಯಿದ್ದಿತು. ಗ್ವಾಲಿಯರ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರರು ಇಲ್ಲಿ ವಾಸವಾಗಿದ್ದರು. ಅವರ ಪದತಲದಲ್ಲಿ ವಿಷ್ಣು ದಿಗಂಬರ ಪಲುಸ್ಕರರು ವಿದ್ಯಾಭ್ಯಾಸವನ್ನು ಮಾಡಿದ್ದೂ ಇದೇ ಊರಿನಲ್ಲಿ. ಹೀಗೆ ಗಾಯಕನೂ ವಾದ್ಯಕಾರನೂ ಒಂದೇ ಊರಿನವರಾದುದರಿಂದ, ಹಾಡುವವನ ಅತೃಪ್ತಿಯು ಆ ಹೊತ್ತಿಗೇ ಮಾಡುವವನ ಕಿವಿಗೆ ಮುಟ್ಟುತ್ತಿತ್ತು, ಮಾಡುವವನ ತಿದ್ದುಪಡಿಯು ಮರುದಿನವೇ ಹಾಡುವವನ ಪರೀಕ್ಷೆಗೆ ಬರುತ್ತಿತ್ತು. ಮಿರಜಿನ ಕೀರ್ತಿಗೆ ಇದಕ್ಕಿಂತ ಬಲವಾದ ಕಾರಣವನ್ನು ಹುಡುಕಬೇಕಾಗಿಲ್ಲವೆಂದು ನಾನು ಭಾವಿಸುತ್ತೇನೆ.

ತಂಜಾವೂರು, ಮೈಸೂರುಗಳ ಕಡೆಯ ತಂಬೂರಿಯ ಕೊಡವನ್ನು ಸಾಮಾನ್ಯವಾಗಿ ಹಲಸಿನ ಮರದಲ್ಲಿ ಕೊರೆಯುತ್ತಾರೆ. ಮಿರಜಿನದು ಸೋರೆಬುರುಡೆಯ ವಾದ್ಯ. ಪಂಢರಪುರ, ಮಂಗಳವೇಢೆಗಳ ಸುತ್ತಿನ ಹೊಲಗಳಲ್ಲಿ ಇದಕ್ಕೆಂದೇ ದಪ್ಪ ತೊಗಟೆಯ ಕಹಿಸೋರೆಯನ್ನು ಬೆಳೆದು, ಬಳ್ಳಿಯಲ್ಲಿಯೇ ಬಲಿಸಿ, ತಿಂಗಳುಗಟ್ಟಲೆ ಒಣಗಿಸಿ ತರುತ್ತಾರೆ. ಆಹಾರಕ್ಕೆ ನಿರುಪಯುಕ್ತವಾದ ಈ ಕಾಯಿಯ ಆಕಾರವನ್ನೂ ಗಾತ್ರವನ್ನೂ ಕೈಯಿಂದ ತಟ್ಟಿ ನೋಡಿಯೇ ಇದು ಗಂಡಸಿನ ಮಂದ್ರಸ್ವರಕ್ಕೆ ಆಗತಕ್ಕದ್ದು, ಇದು ಹೆಣ್ಣು ತಂಬೂರಿಗೆ ಸಲ್ಲತಕ್ಕದ್ದು ಎಂದು ವಿಂಗಡಿಸುವುದುಂಟು. ದಂಡಿಗೆಗೂ ಮುಂಭಾಗದ ಮುಚ್ಚಳಕ್ಕೂ ತುಣ ಎಂಬ ನಸುಗೆಂಪು ಮರ. ಅದು ಹಗುರ, ಹದವಾಗಿ ಒಣಗಿದರೆ ಬಾಗುವುದಿಲ್ಲ. ಬುರುಡೆಯನ್ನು ನೀರಿನಲ್ಲಿ ನೆನೆಸಿ, ಕತ್ತರಿಸಿ, ಒಳಗಿನ ತಿರುಳನ್ನು ಕೆರೆದು, ಬೇಕಾದ ಬಾಯಿಯಾಕಾರಕ್ಕೆ ಒಳಗಿನಿಂದ ಕಡ್ಡಿಗಳ ಆಸರೆ ಕೊಟ್ಟು ಮತ್ತೆ ಒಣಗಿಸುವುದು, ದಂಡಿಗೆಯನ್ನು ಕೂಡಿಸುವುದು, ಬಿರಡೆಗಳನ್ನು ಹೊಂದಿಸುವುದು, ಅಂಚಿಗೆ ಬಳ್ಳಿ ಹೂಗಳ ಕೆತ್ತನೆಯನ್ನು ತುಂಬುವುದು, ಅರಗಿನ ಮೆರುಗನ್ನು ಮತ್ತೆ ಮತ್ತೆ ಉಜ್ಜುವುದು, ಇವುಗಳ ವಿವರ ಇಲ್ಲಿ ಬೇಡ. ನೋಟಕ್ಕೆ ತಂಬೂರಿಯು ಇಷ್ಟರಲ್ಲಿ ಸಿದ್ಧವಾಗಿಬಿಡುತ್ತದೆ. ಕಿವಿಗೆ ಅದು ಇನ್ನೂ ಹುಟ್ಟಿಯೇ ಇರುವುದಿಲ್ಲ.

ಕೊಳ್ಳಲು ಬಂದವನು ಮೊದಲು ತಿಳಿಯಬೇಕಾದದ್ದು ಇದನ್ನೇ. ನಗರದ ಒಂದು ದೊಡ್ಡ ಮಳಿಗೆಯಲ್ಲಿ ನಾನು ಕಂಡ ವ್ಯವಹಾರವು ಬೇರೆ ತೆರನಾದುದು: ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿದ ವಾದ್ಯಗಳಲ್ಲಿ ಒಂದನ್ನು ತೋರಿಸಿ, ಕೆತ್ತನೆಯನ್ನು ವರ್ಣಿಸಿ, ಬೆಲೆಯನ್ನು ಹೇಳಿ, ಯಾರು ಹಾಡುವವರು, ಯಾವ ಶ್ರುತಿಗೆ ಎಂಬುದನ್ನು ಕೇಳದೆಯೇ ಪೆಟ್ಟಿಗೆಗೆ ತುಂಬಲು ಮಾರಾಟಗಾರನು ಸಿದ್ಧನಾದನು. ಮಿರಜಿನ ಗಲ್ಲಿಯ ಹಳೆಯ ಅಂಗಡಿಯಲ್ಲಿ ಬೆಲೆಯ ಮಾತು ಕೊನೆಗೆ ಬರುತ್ತದೆ. ಸ್ನೇಹಿತರೊಬ್ಬರು ತಮ್ಮ ಮಗಳಿಗೆ ತಂಬೂರಿಯನ್ನು ಕೊಡಿಸಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆನು. ಮೇಲ್ಛಾವಣಿಯಿಂದ ಇಳಿಬಿಟ್ಟ ಬುರುಡೆಗಳ ಕೆಳಗೆ, ಮರದ ಪುಡಿಯ ನಡುವೆ, ಚಾಪೆಯ ಮೇಲೆ ಕುಳಿತಿದ್ದ ವೃದ್ಧರು ನಮ್ಮ ಮಾತಿನಿಂದಲೇ ಧಾರವಾಡದ ಕಡೆಯವರೆಂದು ಗುರುತಿಸಿ, ಗಡಿನಾಡಿನ ಕನ್ನಡದಲ್ಲಿಯೇ, “ತಂಬೂರಿ ಆಮ್ಯಾಲ ನೋಡೂಣು, ಮೊದಲ ನಿನ್ನ ಸಾ ಹಚ್ಚಿ ತೋರಸವ್ವಾ,” ಎಂದರು. ಹುಡುಗಿಯು ಹಾರ್ಮೋನಿಯಮ್ಮಿನ ಕರಿ ನಾಲ್ಕರ ಪಟ್ಟಿಗೆ ಹಾಡುತ್ತೇನೆಂದು ಹೇಳಿ ಸ್ವರವನ್ನು ಹಚ್ಚಿದಳು. ವೃದ್ಧರು ಅವಳನ್ನು ಮಂದ್ರಪಂಚಮದವರೆಗೆ ಇಳಿಸಿದರು, ತಾರಗಾಂಧಾರದವರೆಗೆ ಏರಿಸಿದರು, ಕೆಳಗೆ ಧ್ವನಿ ಸವೆಯುವ ಎಡೆಯನ್ನು ಎರಡು ಸಲ ಹಾಡಿಸಿ ಕೇಳಿದರು, ಬಳಿಕ ಅವಳ ತಂದೆಯ ಕಡೆಗೆ ತಿರುಗಿ, “ಇಕೀ ದನಿಗೆ ಕರಿ ಐದು ಸರಿ ಕೂಡ್ತದರೀ. ಖರೆ, ಗುರುಗಳನ್ನ ಒಂದ ಮಾತ ಕೇಳ್ರಿ. ನಾ ಹೇಳಿದ್ದಕ್ಕ ಅವರು ಹೂಂ ಅಂದರನಽ ತಂತಿ ಕಟ್ಟತೀನಿ,” ಎಂದರು. ಗುರುಗಳಿಗೆ ದೂರವಾಣಿಯ ಮೂಲಕ ವಿಚಾರಿಸಲಾಯಿತು. ಅವರಿಗೂ ಆ ಸಂಶಯವು ಕೆಲವು ಕಾಲದಿಂದ ಇದ್ದಿತೆಂದು ತಿಳಿಯಿತು. ವಸ್ತುವನ್ನು ಮಾರುವ ಮೊದಲು ಕೊಳ್ಳುವವನ ಕಂಠವನ್ನು ಆಲಿಸುವ, ಆಲಿಸಿದ ಮೇಲೆಯೂ ಗುರುವಿನ ಅಧಿಕಾರವನ್ನು ಮೀರದ ಈ ವಿವೇಕವನ್ನು ಬರಿಯ ವ್ಯಾಪಾರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ತರುವಾಯ ಆರಂಭವಾದದ್ದು ಜವಾರಿಯ, ಅಂದರೆ ಕುದುರೆಯ ಮೈಯನ್ನು ಹದಗೊಳಿಸುವ, ಕೆಲಸ. ತಂತಿಗಳು ಹಾಯುವ ಕುದುರೆಯ ಮೈ ಕಣ್ಣಿಗೆ ಸಪಾಟಾಗಿ ಕಂಡರೂ ಅದು ಅತಿಸೂಕ್ಷ್ಮವಾಗಿ ಇಳಿಜಾರಾಗಿರುತ್ತದೆ. ಮಿಡಿದ ತಂತಿಯು ಆ ಇಳುಕಲನ್ನು ಮತ್ತೆ ಮತ್ತೆ ಸವರುತ್ತ ಕಂಪಿಸುವುದರಿಂದಲೇ ತಂಬೂರಿಯ ಆ ವಿಶಿಷ್ಟವಾದ ಝೇಂಕಾರವು ಹುಟ್ಟುತ್ತದೆ. ಇಳುಕಲು ಒಂದಿಷ್ಟು ಹೆಚ್ಚು ಕಡಿಮೆಯಾದರೂ ನಾದವು ಒಡೆದು ಕರಕರಿಸುತ್ತದೆ, ಇಲ್ಲವೆ ಮಂಕಾಗುತ್ತದೆ. ಕುಶಲಿಯು ಅರದಿಂದ ಒಮ್ಮೆ ಉಜ್ಜುತ್ತಾನೆ, ತಂತಿಯನ್ನು ಬಿಗಿದು ಮಿಡಿಯುತ್ತಾನೆ, ತಲೆಯಲ್ಲಾಡಿಸುತ್ತಾನೆ, ಸಡಿಲಿಸಿ ಮತ್ತೆ ಉಜ್ಜುತ್ತಾನೆ. ಹೀಗೆ ಒಂದೊಂದು ತಂತಿಗೂ. ಕಡೆಯಲ್ಲಿ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ, ಅದುವರೆಗೆ ಮರವೂ ಲೋಹವೂ ಆಗಿದ್ದುದು ಹಠಾತ್ತನೆ ನಾದವಾಗುತ್ತದೆ. ಆ ಕ್ಷಣವನ್ನು ಅಂಗಡಿಯಲ್ಲಿ ಕುಳಿತು ಕೇಳಿದವನು ಮುಂದೆ ಯಾವ ಸಭೆಯಲ್ಲಿಯೂ ತಂಬೂರಿಯನ್ನು ಅಲಕ್ಷಿಸಲಾರನು.

ಈ ವಿಸ್ಮಯವು ವಿಜ್ಞಾನಿಗಳನ್ನೂ ಸೆಳೆದುದು ಸಹಜವೇ. ತಂತಿಯ ಯಾವ ಬಿಂದುವಿನಲ್ಲಿ ಒಂದು ಉಪಸ್ವರದ ಕಂಪನವು ಶೂನ್ಯವಾಗಿರತಕ್ಕದ್ದೋ ಆ ಬಿಂದುವಿನಲ್ಲಿಯೇ ಮಿಡಿದರೆ ಆ ಉಪಸ್ವರವು ಕೇಳಿಸಬಾರದೆಂಬುದು ಯುರೋಪಿನ ಧ್ವನಿಶಾಸ್ತ್ರದಲ್ಲಿ ಸ್ಥಾಪಿತವಾಗಿದ್ದ ನಿಯಮ. ಸರ್ ಸಿ. ವಿ. ರಾಮನ್ನರು ಕಲಕತ್ತೆಯಲ್ಲಿದ್ದಾಗ, 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತಂಬೂರಿಯೂ ವೀಣೆಯೂ ಈ ನಿಯಮಕ್ಕೆ ಒಳಪಡುವುದಿಲ್ಲವೆಂದೂ, ಇರಬಾರದ ಉಪಸ್ವರಗಳು ಅವುಗಳಲ್ಲಿ ಬಲವಾಗಿಯೇ ಕೇಳಿಬರುತ್ತವೆಂದೂ, ಇದಕ್ಕೆ ಕುದುರೆಯ ಆ ವಿಶೇಷ ರಚನೆಯೇ ಕಾರಣವೆಂದೂ ತೋರಿಸಿದರು. ತಂಬೂರಿಯ ನಾಲ್ಕು ತಂತಿಗಳಲ್ಲಿ ಒಂದನ್ನು ಪಂಚಮಕ್ಕೋ ರಾಗಾನುಸಾರವಾಗಿ ಮಧ್ಯಮಕ್ಕೋ ನಿಷಾದಕ್ಕೋ, ಉಳಿದ ಮೂರನ್ನು ಷಡ್ಜಕ್ಕೆ ಕೂಡಿಸುತ್ತಾರೆ. ಗಾಂಧಾರಕ್ಕೆ ಕೂಡಿಸಿದ ತಂತಿಯೇ ಅದರಲ್ಲಿಲ್ಲ. ಆದರೂ ಸರಿಯಾಗಿ ಕೂಡಿದ ತಂಬೂರಿಯ ಖರ್ಜದ, ಅಂದರೆ ಮಂದ್ರಷಡ್ಜದ, ತಂತಿಯಿಂದ ಅಂತರಗಾಂಧಾರವು ತಾನೇ ತಾನಾಗಿ ಹೊಮ್ಮುತ್ತದೆ.

ಇಂತಹ ನಾದಕ್ಕೆ ತಮ್ಮ ಜೀವಮಾನವನ್ನು ಒಪ್ಪಿಸಿದ ಗಾಯಕರೊಬ್ಬರು ಮಿರಜಿನಲ್ಲಿಯೇ ನೆಲೆಸಿದರು. ಉತ್ತರದ ಕೈರಾನಾದಲ್ಲಿ ಹುಟ್ಟಿದ ಉಸ್ತಾದ ಅಬ್ದುಲ್ ಕರೀಮಖಾನರು ದೇಶಸಂಚಾರದ ಬಳಿಕ ಈ ಊರನ್ನು ತಮ್ಮ ಮನೆಯಾಗಿ ಮಾಡಿಕೊಂಡರು. ವ್ಯಾಧಿಗ್ರಸ್ತರಾಗಿದ್ದಾಗ ಇಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಗುಣಹೊಂದಿದರೆಂಬ ಪ್ರತೀತಿಯು ಇಂದಿಗೂ ಜನರ ಬಾಯಲ್ಲಿದೆ. ತಂಬೂರಿಯನ್ನು ಕೂಡಿಸುವುದರಲ್ಲಿ ಅವರಿಗಿದ್ದ ತಾಳ್ಮೆಯೂ, ವಾದ್ಯಗಳನ್ನು ಸ್ವತಃ ದುರಸ್ತಿ ಮಾಡಿಕೊಳ್ಳುವ ಅವರ ಹಸ್ತಕೌಶಲವೂ ಪ್ರಸಿದ್ಧವಾದವು. ಒಂದೊಂದೇ ಸ್ವರದ ಮೇಲೆ ನಿಂತು ನಿಧಾನವಾಗಿ ರಾಗವನ್ನು ಬೆಳೆಸುತ್ತ ಹೋಗುವ ಕಿರಾಣಾ ಗಾಯಕಿಗೆ ಅವಿಚ್ಛಿನ್ನವೂ ನಿಷ್ಕಳಂಕವೂ ಆದ ಆಧಾರಶ್ರುತಿಯು ಎಷ್ಟು ಅವಶ್ಯವೆಂಬುದನ್ನು ಹೇಳಬೇಕಾಗಿಲ್ಲ. 1937ರ ಅಕ್ಟೋಬರಿನಲ್ಲಿ, ಪಾಂಡಿಚೇರಿಗೆ ಹೋಗುವ ಮಾರ್ಗದಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರು ದೇಹವನ್ನು ಬಿಟ್ಟರು. ಪಾರ್ಥಿವಶರೀರವನ್ನು ಮಿರಜಿಗೆ ತಂದು ಅದೇ ದರ್ಗಾದ ಆವರಣದಲ್ಲಿ ಸಮಾಧಿ ಮಾಡಿದರು. ಪ್ರತಿವರ್ಷವೂ ಉರುಸಿನ ಸಂದರ್ಭದಲ್ಲಿ ಅಲ್ಲಿ ಅವರ ಸ್ಮರಣಾರ್ಥವಾಗಿ ಸಂಗೀತಸಭೆಯು ನಡೆಯುತ್ತದೆ, ಮತ್ತು ಕಲಾವಿದರು ಅದನ್ನು ಸೇವೆಯೆಂದೇ ತಿಳಿದು ಹಾಡುತ್ತಾರೆ.

ಅಬ್ದುಲ್ ಕರೀಮಖಾನರ ಶಿಷ್ಯರಾದ ಸವಾಯಿ ಗಂಧರ್ವರು ಧಾರವಾಡ ಜಿಲ್ಲೆಯ ಕುಂದಗೋಳದವರು; ಅವರಲ್ಲಿ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠವನ್ನು ಮುಗಿಸಿಕೊಂಡು ರಾತ್ರಿ ಹಿಂದಿರುಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತವಾಗಿ ಇರುಳಿಡೀ ನಡೆಯುವ ಸಂಗೀತೋತ್ಸವದ ಶ್ರೋತೃಗಳು ನನಗೆ ಎಲ್ಲ ಶ್ರೋತೃಗಳಿಗಿಂತ ಪ್ರಿಯರು. ಟಿಕೇಟಿನ ಕಟ್ಟಳೆಯಿಲ್ಲ, ಕುರ್ಚಿಯ ಅಂತಸ್ತಿಲ್ಲ. ಹೊಲದಿಂದ ಬಂದ ಒಕ್ಕಲಿಗನೂ ಹುಬ್ಬಳ್ಳಿಯಿಂದ ಬಂದ ವಕೀಲನೂ ಒಂದೇ ಜಮಖಾನದ ಮೇಲೆ ಕುಳಿತಿರುತ್ತಾರೆ. ಗಾಯಕನು ತಂಬೂರಿಯನ್ನು ಕೂಡಿಸಲು ಕಾಲು ಗಂಟೆಯನ್ನು ತೆಗೆದುಕೊಂಡರೂ ಅಲ್ಲಿ ಪಿಸುಮಾತು ಏಳುವುದಿಲ್ಲ. ಬಿರಡೆ ತಿರುಗಿ, ಕುದುರೆಯ ಕೆಳಗಿನ ಮಣಿಯು ತುಸು ಸರಿದು, ಎರಡು ತಂಬೂರಿಗಳು ಒಂದಾಗಿಬಿಟ್ಟ ಗಳಿಗೆಯಲ್ಲಿ, ಇನ್ನೂ ಒಂದು ಸ್ವರವನ್ನೂ ಹಾಡದಿರುವಾಗಲೇ, ಹಿಂದಿನ ಸಾಲಿನಿಂದ ಯಾರೋ “ಆಹಾ” ಎನ್ನುವುದನ್ನು ನಾನು ಕೇಳಿದ್ದೇನೆ. ನಗರದ ಹವಾನಿಯಂತ್ರಿತ ಸಭಾಗೃಹಗಳಲ್ಲಿಯಾದರೋ ಅದೇ ಕಾಲು ಗಂಟೆಯು ಪರಸ್ಪರ ಕುಶಲಪ್ರಶ್ನೆಗೂ ದೂರವಾಣಿಯ ಪರಿಶೀಲನೆಗೂ ಮೀಸಲಾಗಿರುತ್ತದೆ. ಕಾರ್ಯಕ್ರಮವು ಇನ್ನೂ ಆರಂಭವಾಗಿಲ್ಲವೆಂಬ ಈ ಭಾವನೆಯು ನನ್ನ ಮಟ್ಟಿಗೆ ದೊಡ್ಡ ನಷ್ಟ. ಶ್ರುತಿಯನ್ನು ಕೂಡಿಸುವುದನ್ನು ಕೇಳದವನು ಆಲಾಪದ ಮೊದಲ ಷಡ್ಜವು ಎಲ್ಲಿಗೆ ಬಂದು ನಿಂತಿತೆಂಬುದನ್ನು ಹೇಗೆ ಅರಿಯಬಲ್ಲನು?

ಈಗಿನ ವಿದ್ಯಾರ್ಥಿಗಳಲ್ಲಿ ಹಲವರು ವಿದ್ಯುನ್ಮಾನ ತಂಬೂರಿಯ ಎದುರಿಗೆ ಅಭ್ಯಾಸ ಮಾಡುತ್ತಾರೆ. ಅದರ ವಿಕಾಸದಲ್ಲಿ ನಮ್ಮ ಬೆಂಗಳೂರಿನವರೇ ಅಗ್ರಗಾಮಿಗಳು. ಪ್ರವಾಸದಲ್ಲಿಯೂ ಏಕಾಂತದಲ್ಲಿಯೂ ಅದರಿಂದಾಗುವ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಯಂತ್ರವು ಶ್ರುತಿಯನ್ನು ಸಿದ್ಧವಾಗಿ ಕೊಡುತ್ತದೆ. ತಂಬೂರಿಯು ಅದನ್ನು ಪ್ರತಿದಿನವೂ ನಮ್ಮಿಂದ ಹುಡುಕಿಸುತ್ತದೆ. ಆ ಹುಡುಕಾಟವೇ ಸಾಧನೆಯ ಮೊದಲ ಭಾಗವೆಂದು ಹಿರಿಯರು ತಿಳಿದಿದ್ದರು. ಮಿರಜಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದು ಸಂತೋಷದ ಸಂಗತಿ. ಹೆಸರಿಗೆ ರಕ್ಷಣೆ ಸಿಕ್ಕಿತು, ಇನ್ನು ಜವಾರಿ ತೆಗೆಯುವ ಕೈಗಳಿಗೆ ತಕ್ಕ ಸಂಪಾದನೆಯೂ, ಆ ಕೈಗಳ ಬಳಿ ಕುಳಿತು ಕಲಿಯುವ ಎಳೆಯರೂ ಸಿಗಬೇಕು.

ಕೊಳ್ಳಹೋಗುವವರಿಗೆ ನನ್ನ ವಿಜ್ಞಾಪನೆ ಸ್ವಲ್ಪವೇ. ಕೆತ್ತನೆಗೆ ಮರುಳಾಗಬೇಡಿರಿ, ಅವಸರದಿಂದ ಹೋಗಬೇಡಿರಿ, ಹಾಡುವವರನ್ನು ಜೊತೆಗೆ ಕರೆದೊಯ್ಯದೆ ಇರಬೇಡಿರಿ. ಮನೆಗೆ ತರುವಾಗ ತಂತಿಗಳನ್ನು ಸಡಿಲಿಸಿ, ಬುರುಡೆಗೆ ಮೆತ್ತೆಯ ಆಸರೆ ಕೊಟ್ಟು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ತನ್ನಿರಿ. ದಿನಗಳೆದಂತೆ ತಂತಿಗಳು ಕುದುರೆಯ ಮೇಲೆ ಗೆರೆ ಕೊರೆಯುತ್ತವೆ, ನಾದವು ಮಂಕಾಗುತ್ತದೆ. ಆಗ ವಾದ್ಯವು ಕೆಟ್ಟಿತೆಂದು ಮೂಲೆಗೆ ಇಡದೆ ಮತ್ತೆ ಅದೇ ಗಲ್ಲಿಗೆ ಒಯ್ಯಬೇಕು. ಸಾಧ್ಯವಿದ್ದರೆ ಉರುಸಿನ ದಿನಗಳಲ್ಲಿಯೇ ಹೋಗಿರಿ. ಆಗ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಬೆಳಿಗ್ಗೆ ಕೊಟ್ಟ ವಾದ್ಯಕ್ಕೆ ಸಂಜೆಯವರೆಗೆ ಕಾಯಬೇಕಾದೀತು; ಆದರೆ ಹಗಲು ಕಣ್ಣೆದುರಿಗೆ ಜವಾರಿ ತೆಗೆಯಿಸಿಕೊಂಡ ತಂಬೂರಿಯನ್ನು ರಾತ್ರಿ ದರ್ಗಾದ ಸಭೆಯಲ್ಲಿ ಪಳಗಿದ ಗಾಯಕನೊಬ್ಬನ ಹಿಂದೆ ಕೇಳುವ ಅವಕಾಶವು ದೊರೆಯುವುದು ಆ ದಿನಗಳಲ್ಲಿಯೇ.