ಯವನ ವಿದ್ಯೆಯೂ ಕನ್ನಡ ವಿದ್ಯಾರ್ಥಿಯೂ

ಗ್ರೀಸ್ ಮತ್ತು ರೋಮುಗಳ ಪ್ರಾಚೀನ ವಿದ್ಯೆಗೆ ಪಶ್ಚಿಮದಲ್ಲಿಯೂ ಬಹುಕಾಲ ಕಿರುಬಾಗಿಲೇ ಇದ್ದಿತು. ಬಾಲ್ಯದಿಂದ ಆ ಎರಡು ಭಾಷೆಗಳನ್ನು ಅಭ್ಯಸಿಸಲು ಅನುಕೂಲವುಳ್ಳವರೇ ಅದರ ಹಕ್ಕುದಾರರು. ೨೦೨೧ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು, ಆ ವಿಭಾಗದ ಪದವಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಲಿತಿರಲೇಬೇಕೆಂಬ ನಿಯಮವನ್ನು ಕೈಬಿಟ್ಟಿತು. ಇದರಿಂದ ಬಾಗಿಲೇನೋ ಅಗಲವಾಯಿತು. ಒಳಬಂದವನನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಉಳಿದೇ ಇದೆ.

ಕನ್ನಡ ವಿದ್ಯಾರ್ಥಿಗೆ ಮೊದಲ ಪಾಠವಾಗಿ ನಾನು ಸೂಚಿಸುವುದು ಹೋಮರನನ್ನಲ್ಲ, ಒಂದು ಹರಕು ಪ್ರಹಸನವನ್ನು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಈ ಪಪೈರಸ್ ೧೯೦೩ರಲ್ಲಿ ೪೧೩ನೆಯ ಸಂಖ್ಯೆಯಾಗಿ ಅಚ್ಚಾಯಿತು. ಚಾರಿಟಿಯನ್ ಎಂಬ ಗ್ರೀಕ್ ತರುಣಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಕಡೆಯವರು ಅಲ್ಲಿಯ ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಬಿಡಿಸುತ್ತಾರೆ. ಅರಸನೂ ಪರಿವಾರವೂ ಆಡುವ ಪರಭಾಷೆಯ ಮಾತುಗಳನ್ನು ಗ್ರೀಕ್ ಲಿಪಿಯಲ್ಲಿ ಬರೆದಿದೆ. ಅದು ಕನ್ನಡವೆಂದು ೧೯೦೪ರಲ್ಲಿ ಹುಲ್ಟ್ಸ್ ಸೂಚಿಸಿದರು; ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು. ೧೯೨೬ರಲ್ಲಿ ಬಾರ್ನೆಟ್ ಅದನ್ನು ಒಪ್ಪಲಿಲ್ಲ. ತುಳುವಿನ ಪರವಾಗಿಯೂ ವಾದಗಳು ಬಂದಿವೆ. ತಾಳೆಯಾಗದ ಬಾಬನ್ನು ತಾಳೆಯಾಯಿತೆಂದು ಬರೆಯುವ ಅಧಿಕಾರ ಬ್ಯಾಂಕಿನಲ್ಲಿ ಯಾರಿಗೂ ಇಲ್ಲ, ಅಭಿಮಾನಕ್ಕೂ ಆ ಅಧಿಕಾರ ಸಲ್ಲದು.

ಭಾಷೆ ಯಾವುದೇ ಇರಲಿ, ಇಲ್ಲಿ ನಗೆಗೀಡಾದವರು ಈ ದಡದವರು. 'ಬಾರ್ಬರೋಸ್' ಎಂದರೆ ತಿಳಿಯದ ಮಾತನ್ನು ಬಡಬಡಿಸುವವನು. ಪಾಠದಲ್ಲಿ ಆ ನಗೆಯನ್ನು ಮುಚ್ಚಿಡಬಾರದು. ನಾವು ಯವನರನ್ನು ಮ್ಲೇಚ್ಛರೆಂದುದನ್ನೂ ಅದರ ಪಕ್ಕದಲ್ಲಿಯೇ ಇಡಬೇಕು.

ಅನಂತರ ಈಸ್ಕಿಲಸನ 'ಪಾರಸಿಕರು'. ಸಲಾಮಿಸ್ ಕದನವಾದ ಎಂಟೇ ವರ್ಷಗಳಿಗೆ, ಕ್ರಿ. ಪೂ. ೪೭೨ರಲ್ಲಿ, ಗೆದ್ದ ಅಥೆನ್ಸಿನವರ ಮುಂದೆ ಸೋತವರ ರಾಜಮಾತೆಯ ದುಃಖವನ್ನು ಆಡಿ ತೋರಿಸಿದ ನಾಟಕವಿದು. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ೧೯೩೫ರಲ್ಲಿ ಕನ್ನಡಕ್ಕೆ ತಂದರು. ಅದಕ್ಕೂ ಮೊದಲು, ೧೯೨೯ರಲ್ಲಿ, ಅವರ ಕೈಯಲ್ಲಿ ಸಾಫೋಕ್ಲೀಸನ ಏಜಾಕ್ಸ್ ಅಶ್ವತ್ಥಾಮನಾಗಿದ್ದನು. ಎಂದಮೇಲೆ, ಗ್ರೀಕ್ ಬಾರದವನಿಗೆ ಇಂಗ್ಲಿಷೊಂದೇ ದಾರಿಯೆಂಬ ಮಾತು ನಿಲ್ಲುವುದಿಲ್ಲ.

ಮಾಟುಂಗದಂಥ ಕಡೆ ಇನ್ನೊಂದು ತೊಡಕುಂಟು. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕನ್ನಡವನ್ನು ಕೇಳಿ ತಿಳಿಯುವ, ಆದರೆ ಓದಲಾರದ ಹಲವರಿದ್ದಾರೆ. ಅವರನ್ನು ಹೊರಗಿಟ್ಟು ಯಾರನ್ನು ಒಳಗೊಳ್ಳುವುದು? ಈ ನಾಟಕಗಳು ಮೂಲದಲ್ಲಿಯೂ ಕೇಳುವವರಿಗಾಗಿಯೇ ಹುಟ್ಟಿದುವು. ವಾರಕ್ಕೊಂದು ಸಂಜೆ, ಓದಬಲ್ಲವರು ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಲಿ. ಮೇಳದ ಭಾಗವನ್ನು ಉಳಿದವರು ಕೇಳಿ ಕಲಿತು ಒಟ್ಟಾಗಿ ಹೇಳಲಿ.