ಜೋಡಿ ಕಟ್ಟುವುದು ಮೀನುಗಳಿಗೇ ಬಿಟ್ಟದ್ದು

ಮೀನು ಮಾರುಕಟ್ಟೆಯ ಜಿಲೇಬಿಗೂ ಗಾಜಿನ ತೊಟ್ಟಿಯಲ್ಲಿ ರೆಕ್ಕೆ ಹರಡಿ ತೇಲುವ ಏಂಜಲ್ ಫಿಶ್‌ಗೂ ನಂಟುಂಟು ಎಂದರೆ ನಂಬುವುದು ಕಷ್ಟ. ಎರಡೂ ಸಿಕ್ಲಿಡ್ ಕುಟುಂಬದವು. ಜಿಲೇಬಿ, ಅಂದರೆ ಆಫ್ರಿಕದ ತಿಲಾಪಿಯಾ, 1952ರಲ್ಲಿ ಭಾರತಕ್ಕೆ ಬಂತು. ಏಂಜಲ್ ಅಮೆಜಾನ್ ಕೊಳ್ಳದ್ದು. ಬಹುಪಾಲು ಮೀನುಗಳು ಮೊಟ್ಟೆ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಸಿಕ್ಲಿಡ್‌ಗಳು ಹಾಗಲ್ಲ, ಮೊಟ್ಟೆ-ಮರಿಗಳನ್ನು ಕಾಯುತ್ತವೆ. ಕಾಯುವ ಬಗೆ ಮಾತ್ರ ಬೇರೆ ಬೇರೆ. ಜಿಲೇಬಿಯ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಾಳೆ, ಗಂಡಿಗೆ ಆ ಕೆಲಸದಲ್ಲಿ ಪಾಲಿಲ್ಲ. ಏಂಜಲ್‌ಗಳಲ್ಲಿ ಗಂಡು-ಹೆಣ್ಣು ಇಬ್ಬರೂ ಸರದಿಯ ಮೇಲೆ ಕಾವಲು ನಿಲ್ಲಬೇಕು. ಹಾಗಾಗಿ ಜೊತೆಗಾರ ಯಾರು ಎಂಬುದು ಅವುಗಳಿಗೆ ಸಣ್ಣ ಸಂಗತಿಯಲ್ಲ.

ಅಂಗಡಿಗೆ ಹೋಗಿ "ಒಂದು ಜೋಡಿ ಏಂಜಲ್ ಕೊಡಿ" ಎಂದು ಕೇಳುವುದರಲ್ಲೇ ತೊಡಕಿದೆ. ಬಲೆಯಲ್ಲಿ ಎತ್ತಿಕೊಟ್ಟ ಎರಡು ಮೀನು ಒಂದು ಗಂಡು, ಒಂದು ಹೆಣ್ಣು ಎಂದು ಅಂಗಡಿಯವರೂ ಖಾತ್ರಿಯಾಗಿ ಹೇಳಲಾರರು. ಹೊರನೋಟಕ್ಕೆ ಎರಡೂ ಒಂದೇ. ವಯಸ್ಸಾದ ಗಂಡಿನ ಹಣೆ ತುಸು ಉಬ್ಬಿರುತ್ತದೆ ಎನ್ನುವುದುಂಟು, ಅದನ್ನು ನಂಬಿ ದುಡ್ಡು ಹಾಕಲಾಗದು. ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಹೊರಚಾಚುವ ಪುಟ್ಟ ನಳಿಕೆಯೊಂದೇ ಸರಿಯಾದ ಗುರುತು: ಹೆಣ್ಣಿನದು ದಪ್ಪ, ತುದಿ ಮೊಂಡು, ಗಂಡಿನದು ಸಣ್ಣ, ಚೂಪು. ಗಂಡು ಸಿಗದಿದ್ದರೆ ಎರಡು ಹೆಣ್ಣುಗಳೇ ಜೊತೆಗೂಡಿ ಎಲೆ ಉಜ್ಜಿ ಮೊಟ್ಟೆ ಇಡುವುದೂ ಉಂಟು. ಆ ಮೊಟ್ಟೆಗಳು ಬೆಳ್ಳಗಾಗಿ ಕೆಡುತ್ತವೆ, ಸಾಕುವವರು ನೀರನ್ನು ದೂರುತ್ತಾರೆ.

ಇದಕ್ಕೆ ಸುಲಭದ ದಾರಿ ಆರೆಂಟು ಎಳೆ ಮೀನುಗಳನ್ನು ತಂದು ಒಟ್ಟಿಗೆ ಬೆಳೆಸುವುದು. ಒಂದೇ ತಾಯಿಯ ಮರಿಗಳಾಗದಂತೆ ಎರಡು ಮೂರು ಕಡೆಯಿಂದ ತಂದರೆ ಒಳ್ಳೆಯದು. ರೆಕ್ಕೆ ಸೊಟ್ಟಗಿಲ್ಲದ, ಕಣ್ಣು ತಿಳಿಯಾಗಿರುವ, ಆಹಾರ ಬಿದ್ದೊಡನೆ ಮುನ್ನುಗ್ಗುವ ಮೀನುಗಳನ್ನು ಆರಿಸಿ. ತೊಟ್ಟಿ ನೂರು ಲೀಟರಿಗಿಂತ ಹೆಚ್ಚಿನದಿರಲಿ. ಎತ್ತರವೂ ಬೇಕು, ಈ ಮೀನು ಉದ್ದಕ್ಕಿಂತ ಎತ್ತರಕ್ಕೆ ಹೆಚ್ಚು ಬೆಳೆಯುತ್ತದೆ. ಎಂಟು ಹತ್ತು ತಿಂಗಳ ಸುಮಾರಿಗೆ ಎರಡು ಮೀನುಗಳು ಗುಂಪಿನಿಂದ ಸರಿದು ಒಂದು ಮೂಲೆ ಹಿಡಿಯುತ್ತವೆ, ಹತ್ತಿರ ಬಂದವರನ್ನು ಅಟ್ಟುತ್ತವೆ, ಒಮ್ಮೊಮ್ಮೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತವೆ. ಹೊಸಬರು ಜಗಳವೆಂದು ಗಾಬರಿಯಾಗಿ ಬಿಡಿಸಲು ಹೊರಡುತ್ತಾರೆ. ಕಣ್ಣಿಗೆ ಗಾಯವಾಗುವಷ್ಟು, ರೆಕ್ಕೆ ಹರಿಯುವಷ್ಟು ಮುಂದುವರಿಯದಿದ್ದರೆ ಅದು ಪರಸ್ಪರ ಕಸುವು ಅಳೆಯುವ ಪರೀಕ್ಷೆ. ಜೋಡಿ ಗಟ್ಟಿಯಾದ ಮೇಲೆ ಉಳಿದವನ್ನು ಬೇರೆಡೆಗೆ ಸಾಗಿಸಲೇಬೇಕು.

ಮೀನಿಗೇಕೆ ಇಷ್ಟೊಂದು ಆಯ್ಕೆ ಎಂದು ಕೇಳಬಹುದು. ಫ್ರಾನ್ಸಿನ ಬರ್ಗಂಡಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸ್ವಾರಸ್ಯದ ಉತ್ತರ ಕೊಡುತ್ತದೆ. ಮಧ್ಯ ಅಮೆರಿಕದ ಕನ್ವಿಕ್ಟ್ ಸಿಕ್ಲಿಡ್ ಹೆಣ್ಣುಗಳಿಗೆ ಅವರು ಡಬ್ಬಿಯ ಮುಚ್ಚಳ ತೆಗೆಯುವುದನ್ನು ಕಲಿಸಿದರು. ಕಪ್ಪು-ಬಿಳುಪು ಮುಚ್ಚಳಗಳಲ್ಲಿ ಒಂದರ ಕೆಳಗೆ ತಿನಿಸು, ಇನ್ನೊಂದರ ಕೆಳಗೆ ಏನೂ ಇಲ್ಲ. ಆಮೇಲೆ ಬೂದು ಮುಚ್ಚಳದ ಡಬ್ಬಿ ಇಟ್ಟರು. ತನಗೆ ಬೇಕಾದ ಗಂಡಿನ ಬದಲು ಒಲ್ಲದ ಗಂಡಿನೊಡನೆ ಇರಬೇಕಾದ ಹೆಣ್ಣುಗಳು ಬೂದು ಮುಚ್ಚಳದ ಬಳಿ ಹೆಚ್ಚು ಹಿಂಜರಿದವು, ಒಳಗೆ ಏನೂ ಸಿಗದು ಎಂದುಕೊಂಡಂತೆ. ಮೀನಿಗೆ ದುಃಖವಾಯಿತು ಎಂದು ಬರೆಯಲು ನನಗೆ ಧೈರ್ಯವಿಲ್ಲ. ಆದರೆ ಅದರ ಲೆಕ್ಕಾಚಾರ ಬದಲಾದದ್ದಂತೂ ನಿಜ.

ಏಂಜಲ್ ಜೋಡಿ ಸಿದ್ಧವಾದ ಮೇಲೆ ನೀರಿನತ್ತ ನೋಡಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಆರ್‌ಒ ನೀರು ಬೆರೆಸಿ ನಿಧಾನವಾಗಿ ಮೆದು ಮಾಡಬಹುದು. 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ನೆಟ್ಟಗೆ ನಿಲ್ಲಿಸಿದ ಕಲ್ಲುಹಲಗೆಯನ್ನೋ ಅಗಲ ಎಲೆಯನ್ನೋ ಜೋಡಿ ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡುತ್ತದೆ. ಹೆಣ್ಣು ಸಾಲು ಸಾಲಾಗಿ ನೂರಾರು ಮೊಟ್ಟೆ ಅಂಟಿಸುತ್ತಾ ಹೋದರೆ ಗಂಡು ಹಿಂದೆಯೇ ಬಂದು ಫಲಗೊಳಿಸುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದರೂ ಮರಿಗಳು ತಲೆಯ ಅಂಟಿನಿಂದ ಅಲ್ಲೇ ತೂಗಾಡುತ್ತಾ ಹೊಟ್ಟೆಯ ಹಳದಿ ಕರಗುವವರೆಗೆ ಇರುತ್ತವೆ. ಸುಮಾರು ಐದು ದಿನಕ್ಕೆ ಈಜಲು ತೊಡಗಿದಾಗ ಅವಕ್ಕೆ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿ ಸಿದ್ಧವಿರಬೇಕು. ಅದರ ಮೊಟ್ಟೆಗಳನ್ನು ಹಿಂದಿನ ದಿನವೇ ಉಪ್ಪುನೀರಿಗೆ ಹಾಕಿಡಬೇಕು.

ಮೊದಲ ಸಲದ ಮೊಟ್ಟೆಗಳನ್ನು ತಂದೆತಾಯಿಯೇ ತಿಂದುಬಿಡುವುದು ಮಾಮೂಲು. ಮಾರಾಟಕ್ಕೆ ಸಾಕುವವರು ಮೊಟ್ಟೆಯ ಹಲಗೆಯನ್ನೇ ಎತ್ತಿ ಬೇರೆ ತೊಟ್ಟಿಯಲ್ಲಿಟ್ಟು, ಬೂಸು ಹಿಡಿಯದಂತೆ ಮೆಥಿಲೀನ್ ಬ್ಲೂ ಹಾಕಿ ಮರಿ ಮಾಡಿಸುತ್ತಾರೆ. ಲಾಭಕ್ಕೆ ಅದು ಸರಿ. ಆದರೆ ತಲೆಮಾರುಗಟ್ಟಲೆ ಹೀಗೇ ನಡೆದರೆ ಮರಿ ಕಾಯಲು ಬಾರದ ಮೀನಿನ ಸಂತತಿಯೂ ಅಷ್ಟೇ ಹುಲುಸಾಗಿ ಬೆಳೆಯುತ್ತದೆ. ಮನೆಯಲ್ಲಿ ಸಾಕುವವರಿಗೆ ಆ ಆತುರವೇಕೆ? ಮೂರು ನಾಲ್ಕು ಸಲ ನೋಡಿ, ಆಗಲೂ ತಿಂದರೆ ಆಮೇಲೆ ಹಲಗೆ ಎತ್ತಬಹುದು.

ನಮ್ಮದೇ ಕರಾವಳಿಯ ಆರೆಂಜ್ ಕ್ರೋಮೈಡ್ ಸಾಕುವವರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹಿನ್ನೀರುಗಳ ಈ ಪುಟ್ಟ ಸಿಕ್ಲಿಡ್‌ನ ಮರಿಗಳು ತಂದೆತಾಯಿಯ ಮೈಗೆ ಸವರಿಕೊಂಡು ಹೋಗುತ್ತಾ ಚರ್ಮದ ಲೋಳೆಯನ್ನು ಕುಟುಕಿ ತಿನ್ನುತ್ತವೆ. ಮೊಟ್ಟೆಯಲ್ಲೇ ಬೇರ್ಪಡಿಸಿದರೆ ಅವಕ್ಕೆ ಕಾವಲಿನ ಜೊತೆಗೆ ಆ ಊಟವೂ ತಪ್ಪುತ್ತದೆ.